ಮಿದುಳಿನ ಗೆಡ್ಡೆಗೆ ಎಂಆರ್ ಸ್ಪೆಕ್ಟ್ರೋಸ್ಕೋಪಿ: ಚೀಟಿ ಕೈಗೆ ಬಂದಾಗಿನಿಂದ ವರದಿ ಓದುವವರೆಗೆ

ಓದುಗರು ಮೂರು ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಾರೆ. ತಲೆಯ ಎಂಆರ್‌ಐ ಆಗಲೇ ಆಗಿದೆ, ಗೆಡ್ಡೆಯೂ ಕಾಣಿಸಿದೆ, ಈಗ ಸ್ಪೆಕ್ಟ್ರೋಸ್ಕೋಪಿ ಎಂದು ಇನ್ನೊಂದನ್ನು ಬರೆದುಕೊಟ್ಟಿದ್ದೇಕೆ? ಇದರಿಂದ ಕ್ಯಾನ್ಸರ್ ಹೌದೋ ಅಲ್ಲವೋ ತಿಳಿಯುತ್ತದೆಯೇ? ವರದಿಯಲ್ಲಿ ‘ಕೋಲಿನ್ ಹೆಚ್ಚಾಗಿದೆ’ ಎಂದಿದೆ, ಹಾಗೆಂದರೇನು? ಉತ್ತರಗಳನ್ನು ಒಂದೇ ಕಡೆ, ಕ್ರಮವಾಗಿ ಕೊಡಲು ಈ ಲೇಖನ. ಬೆಂಗಳೂರಿನಲ್ಲಿ ಪರೀಕ್ಷೆ ಮಾಡಿಸುವವರನ್ನು, ಅದಕ್ಕಾಗಿ ಬೇರೆ ಜಿಲ್ಲೆಗಳಿಂದ ರಾತ್ರಿ ಬಸ್ಸು ಹಿಡಿದು ಬರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಚಿಕಿತ್ಸೆಯ ತೀರ್ಮಾನ ನಿಮ್ಮ ವೈದ್ಯರದು. ಅವರೆದುರು ಕುಳಿತಾಗ ಏನು ಕೇಳಬೇಕು, ಏನು ಕೈಯಲ್ಲಿರಬೇಕು ಎಂಬುದನ್ನು ಇಲ್ಲಿ ಹೇಳುತ್ತೇನೆ.

ಈ ಪರೀಕ್ಷೆ ಅಳೆಯುವುದೇನು?

ಸಾಮಾನ್ಯ ಎಂಆರ್‌ಐ ಗೆಡ್ಡೆಯ ಆಕಾರ, ಗಾತ್ರ, ಸುತ್ತಲಿನ ಊತವನ್ನು ತೋರಿಸುತ್ತದೆ. ಆ ಚಿತ್ರವೆಲ್ಲ ಮೂಡುವುದು ದೇಹದ ನೀರು ಮತ್ತು ಕೊಬ್ಬಿನಲ್ಲಿರುವ ಹೈಡ್ರೋಜನ್ ಕೊಡುವ ಸಂಕೇತದಿಂದ. ಜೀವಕೋಶಗಳೊಳಗೆ ನಡೆಯುವ ಚಯಾಪಚಯ, ಅಂದರೆ ಸಕ್ಕರೆಯನ್ನು ಉರಿಸಿ ಶಕ್ತಿ ಪಡೆಯುವ, ಹೊಸ ಪೊರೆ ಕಟ್ಟುವ, ಹಳೆಯದನ್ನು ಒಡೆಯುವ ರಾಸಾಯನಿಕ ಕೆಲಸ, ಅದರಲ್ಲಿ ಕಾಣಿಸುವುದಿಲ್ಲ. ಎಂಆರ್ ಸ್ಪೆಕ್ಟ್ರೋಸ್ಕೋಪಿ ಅದೇ ಯಂತ್ರದಲ್ಲಿ, ಅದೇ ಮಂಚದ ಮೇಲೆ, ನೀರಿನ ಸಂಕೇತವನ್ನು ಅದುಮಿಟ್ಟು, ಕೋಶದೊಳಗಿನ ಕೆಲವು ರಾಸಾಯನಿಕಗಳ ಸಂಕೇತವನ್ನು ಹೆಕ್ಕಿ ತೆಗೆಯುತ್ತದೆ. ಆ ರಾಸಾಯನಿಕಗಳ ಸಾಂದ್ರತೆ ನೀರಿನದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ಕೆ.ಆರ್. ಮಾರುಕಟ್ಟೆಯ ಬೆಳಗಿನ ಗದ್ದಲದಲ್ಲಿ ಒಬ್ಬರ ಪಿಸುಮಾತನ್ನು ಹಿಡಿಯುವಂತಹ ಕೆಲಸ ಇದು. ಇಷ್ಟನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದೆ ಬರುವ ಎಚ್ಚರಿಕೆಗಳಲ್ಲಿ ಹೆಚ್ಚಿನವು ತಾವಾಗಿಯೇ ಅರ್ಥವಾಗುತ್ತವೆ.

ಹಂತ 1: ಯಾವ ಪ್ರಶ್ನೆಗೆ ಉತ್ತರ ಬೇಕಾಗಿದೆ ಎಂದು ವೈದ್ಯರಿಂದ ಬರೆಸಿಕೊಳ್ಳಿ

ಇಡೀ ಲೇಖನದಲ್ಲಿ ಒಂದೇ ಹಂತವನ್ನು ಪಾಲಿಸುವಷ್ಟು ಸಮಯವಿದ್ದರೆ ಇದನ್ನೇ ಪಾಲಿಸಿ. ಚೀಟಿಯಲ್ಲಿ ‘ಮಿದುಳಿನ ಎಂಆರ್‌ಐ, ಸ್ಪೆಕ್ಟ್ರೋಸ್ಕೋಪಿ’ ಎಂದಷ್ಟೇ ಇದ್ದರೆ ಸ್ಕ್ಯಾನ್ ಮಾಡುವವರು ತಮಗೆ ತೋಚಿದ ಜಾಗದಿಂದ ಮಾಹಿತಿ ತೆಗೆಯುತ್ತಾರೆ, ವರದಿ ಬರೆಯುವವರು ಎಲ್ಲ ಸಾಧ್ಯತೆಗಳನ್ನೂ ಪಟ್ಟಿ ಮಾಡಿ ಕೈಬಿಡುತ್ತಾರೆ. ಅಂತಹ ವರದಿಯಿಂದ ನಿಮಗೂ ಪ್ರಯೋಜನವಿಲ್ಲ, ನಿಮ್ಮ ವೈದ್ಯರಿಗೂ ಇಲ್ಲ. ಸಾಮಾನ್ಯವಾಗಿ ಪ್ರಶ್ನೆ ಈ ಕೆಳಗಿನವುಗಳಲ್ಲಿ ಒಂದಾಗಿರುತ್ತದೆ.

ಇದು ಗೆಡ್ಡೆಯೇ, ಸೋಂಕೇ? ನಮ್ಮ ದೇಶದಲ್ಲಿ ಈ ಪ್ರಶ್ನೆಗೆ ಬಹಳ ತೂಕವಿದೆ. ಕ್ಷಯರೋಗದ ಗಂಟು, ಹುಳದ ಮೊಟ್ಟೆಯಿಂದಾಗುವ ನ್ಯೂರೋಸಿಸ್ಟಿಸರ್ಕೋಸಿಸ್, ಕೀವಿನ ಬಾವು, ಇವೆಲ್ಲವೂ ಮಿದುಳಿನಲ್ಲಿ ಉಂಗುರದಂತೆ ಹೊಳೆಯುವ ಕಲೆಯಾಗಿ ಕಾಣಬಹುದು. ಕೆಲವು ಗೆಡ್ಡೆಗಳೂ ಹಾಗೆಯೇ ಕಾಣುತ್ತವೆ. ಸೋಂಕಿಗೆ ಹೆಚ್ಚಾಗಿ ಔಷಧ, ಗೆಡ್ಡೆಗೆ ಹೆಚ್ಚಾಗಿ ಶಸ್ತ್ರಚಿಕಿತ್ಸೆ.

ಗೆಡ್ಡೆಯೇ ಆಗಿದ್ದರೆ ಎಷ್ಟು ತೀವ್ರ, ಬಯಾಪ್ಸಿಯನ್ನು ಎಲ್ಲಿಂದ ತೆಗೆಯಬೇಕು? ಒಂದೇ ಗೆಡ್ಡೆಯಲ್ಲಿ ಒಂದು ಮೂಲೆ ನಿಧಾನವಾಗಿ, ಇನ್ನೊಂದು ಮೂಲೆ ರಭಸವಾಗಿ ಬೆಳೆಯುತ್ತಿರಬಹುದು. ಶಸ್ತ್ರವೈದ್ಯರ ಸೂಜಿ ನಿಧಾನದ ಮೂಲೆಗೆ ಹೋದರೆ ಕಾಯಿಲೆ ಇರುವುದಕ್ಕಿಂತ ಸೌಮ್ಯವೆಂದು ವರದಿ ಬರುತ್ತದೆ. ಚಯಾಪಚಯದ ನಕ್ಷೆ ಇಲ್ಲಿ ನಿಜಕ್ಕೂ ಉಪಕಾರಿ.

ವಿಕಿರಣ ಚಿಕಿತ್ಸೆಯ ನಂತರ ಮತ್ತೆ ಕಾಣಿಸಿರುವುದು ಗೆಡ್ಡೆಯೇ, ಚಿಕಿತ್ಸೆಯ ಪರಿಣಾಮವೇ? ಕುಟುಂಬಗಳು ಅತಿ ಹೆಚ್ಚು ನೋಯುವುದು ಇಲ್ಲಿ. ವಿಕಿರಣ ಮತ್ತು ಟೆಮೊಜೊಲೊಮೈಡ್ ಎಂಬ ಕ್ಯಾನ್ಸರ್ ಮಾತ್ರೆ ಮುಗಿದ ಮೊದಲ ಮೂರು ತಿಂಗಳೊಳಗೆ ತೆಗೆದ ಎಂಆರ್‌ಐಯಲ್ಲಿ ಗೆಡ್ಡೆ ದೊಡ್ಡದಾದಂತೆ ಕಾಣಿಸಿ, ಚಿಕಿತ್ಸೆ ಬದಲಿಸದೆಯೇ ಆಮೇಲೆ ತಾನಾಗಿ ಇಳಿದುಹೋಗುವುದುಂಟು. ಇದನ್ನು ಹುಸಿ ಬೆಳವಣಿಗೆ ಎನ್ನಬಹುದು. ವೈದ್ಯರ ಬಾಯಲ್ಲಿ ಇದು ಸ್ಯೂಡೋಪ್ರೋಗ್ರೆಷನ್. ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಕಳೆದ ಮೇಲೆ ವಿಕಿರಣದಿಂದಲೇ ಅಂಗಾಂಶ ಸತ್ತು ಗಾಯವಾಗುವುದು ಬೇರೆ ಸಂಗತಿ, ಅದು ರೇಡಿಯೇಷನ್ ನೆಕ್ರೋಸಿಸ್. ಸಾಮಾನ್ಯ ಎಂಆರ್‌ಐಯಲ್ಲಿ ಇವೆರಡೂ ಮರಳಿ ಬಂದ ಗೆಡ್ಡೆಯಂತೆಯೇ ಕಾಣುತ್ತವೆ.

ನಿಮ್ಮ ಪ್ರಶ್ನೆ ಇವುಗಳಲ್ಲಿ ಯಾವುದು ಎಂಬುದು ಚೀಟಿಯಲ್ಲೇ ಒಂದು ಸಾಲಿನಲ್ಲಿ ಇರಲಿ. ಶಸ್ತ್ರಚಿಕಿತ್ಸೆ ನಡೆದ ದಿನಾಂಕ, ವಿಕಿರಣ ಮುಗಿದ ದಿನಾಂಕ ಕೂಡ ಅಲ್ಲೇ ಇರಲಿ. ವಿನಯದಿಂದ ಕೇಳಿದರೆ ಯಾವ ವೈದ್ಯರೂ ಇಲ್ಲವೆನ್ನುವುದಿಲ್ಲ.

ಹಂತ 2: ಸ್ಪೆಕ್ಟ್ರೋಸ್ಕೋಪಿಯ ಜೊತೆಗೆ ಇನ್ನೇನು ಬೇಕು ಎಂದು ವಿಚಾರಿಸಿ

ಸ್ಪೆಕ್ಟ್ರೋಸ್ಕೋಪಿ ಒಂಟಿಯಾಗಿ ನಿಂತರೆ ದುರ್ಬಲ. ಹೆಚ್ಚಾಗಿ ಅದರ ಜೊತೆಗೆ ಪರ್ಫ್ಯೂಷನ್ ಬರೆಯುತ್ತಾರೆ. ಗೆಡ್ಡೆಯೊಳಗೆ ಎಷ್ಟು ರಕ್ತ ತುಂಬಿದೆ, ಎಷ್ಟು ಹರಿಯುತ್ತಿದೆ ಎಂದು ಅಳೆಯುವ ವಿಧಾನ ಅದು. ಒಂದು ಬಗೆಯಲ್ಲಿ ಗ್ಯಾಡೊಲಿನಿಯಂ ಎಂಬ ಕಾಂಟ್ರಾಸ್ಟ್ ಔಷಧವನ್ನು, ಅಂದರೆ ಚಿತ್ರದಲ್ಲಿ ವ್ಯತ್ಯಾಸ ಎದ್ದು ಕಾಣುವಂತೆ ಮಾಡುವ ಔಷಧವನ್ನು, ರಕ್ತನಾಳಕ್ಕೆ ವೇಗವಾಗಿ ಕೊಡುತ್ತಾರೆ. ಎಎಸ್‌ಎಲ್ ಎಂಬ ಇನ್ನೊಂದು ಬಗೆಯಲ್ಲಿ ಚುಚ್ಚುಮದ್ದೇ ಬೇಡ, ಕುತ್ತಿಗೆಯಲ್ಲಿ ಹರಿಯುವ ರಕ್ತದ ನೀರನ್ನೇ ಯಂತ್ರ ಗುರುತು ಮಾಡಿ ಹಿಂಬಾಲಿಸುತ್ತದೆ. ಮೂತ್ರಪಿಂಡ ಸೋತವರಿಗೆ, ಮಕ್ಕಳಿಗೆ ಇದು ಅನುಕೂಲ.

ಎಪಿಟಿ ಎಂಬ ಹೊಸ ವಿಧಾನವೂ ಇದೆ. ಗೆಡ್ಡೆಯಲ್ಲಿ ಹೆಚ್ಚಾಗಿರುವ ಪ್ರೋಟೀನುಗಳು ನೀರಿನೊಡನೆ ಹೈಡ್ರೋಜನ್ ವಿನಿಮಯ ಮಾಡಿಕೊಳ್ಳುವುದನ್ನು ಅದು ಚಿತ್ರವಾಗಿಸುತ್ತದೆ. ಅದು ಚೆನ್ನಾಗಿ ಬರಬೇಕಾದರೆ 3 ಟೆಸ್ಲಾ ಯಂತ್ರ ಬೇಕು (ಟೆಸ್ಲಾ ಎಂದರೆ ಕಾಂತದ ಬಲದ ಅಳತೆ). ಇನ್ನು ಪಿಇಟಿ ಸ್ಕ್ಯಾನ್: ಅದರಲ್ಲಿ ವಿಕಿರಣಶೀಲ ಔಷಧ ಬಳಸುತ್ತಾರೆ, ಅದು ಬೇರೆಯೇ ಪರೀಕ್ಷೆ. ಮಾಮೂಲಿ ಪಿಇಟಿಯಲ್ಲಿ ಬಳಸುವುದು ಸಕ್ಕರೆಯಂತಹ ವಸ್ತು. ಆರೋಗ್ಯವಂತ ಮಿದುಳೂ ಸಕ್ಕರೆಯನ್ನು ಧಾರಾಳವಾಗಿ ಹೀರುವುದರಿಂದ ಗೆಡ್ಡೆ ಅದರಲ್ಲಿ ಮರೆಯಾಗಬಹುದು. ಆದ್ದರಿಂದ ಮಿದುಳಿಗೆ ಅಮೈನೋ ಆಮ್ಲದ ಪಿಇಟಿ ಮೇಲು. ನಾಲ್ಕೂ ಪರೀಕ್ಷೆಗಳನ್ನು ಒಟ್ಟಿಗೆ ಮಾಡಿಸಿಬಿಡೋಣ ಎಂದು ಆತುರಪಡಬೇಡಿ. ಮೊದಲ ಹಂತದ ಪ್ರಶ್ನೆಗೆ ಯಾವುದು ಉತ್ತರ ಕೊಡುತ್ತದೋ ಅಷ್ಟು ಸಾಕು.

ಹಂತ 3: ಗೆಡ್ಡೆ ಎಲ್ಲಿದೆ, ಯಂತ್ರ ಯಾವುದು ಎಂದು ಮೊದಲೇ ಮಾತನಾಡಿ

ಸ್ಪೆಕ್ಟ್ರೋಸ್ಕೋಪಿಯಲ್ಲಿ ಗೆಡ್ಡೆಯ ಮೇಲೆ ಒಂದು ಕಾಲ್ಪನಿಕ ಪೆಟ್ಟಿಗೆಯನ್ನು ಇಟ್ಟು, ಅದರೊಳಗಿನ ಸಂಕೇತವನ್ನಷ್ಟೇ ಅಳೆಯುತ್ತಾರೆ. ಆ ಪೆಟ್ಟಿಗೆಗೆ ವಾಕ್ಸೆಲ್ ಎಂದು ಹೆಸರು. ಒಂದೇ ಪೆಟ್ಟಿಗೆ ಇಡುವುದಾದರೆ ಅದರ ಅಳತೆ ಸುಮಾರು 2 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರ. ಚಿಕ್ಕದು ಮಾಡಬಹುದು, ಆದರೆ ಚಿಕ್ಕದಾದಷ್ಟೂ ಸಂಕೇತ ಕ್ಷೀಣವಾಗುತ್ತದೆ, ಸಮಯ ಹೆಚ್ಚಾಗುತ್ತದೆ. ಅನೇಕ ಪೆಟ್ಟಿಗೆಗಳ ಜಾಲವನ್ನೇ ಹರಡುವ ವಿಧಾನ ಮಲ್ಟಿವಾಕ್ಸೆಲ್. ಬಯಾಪ್ಸಿಯ ಜಾಗ ಹುಡುಕಲು, ಗೆಡ್ಡೆಯ ಅಂಚಿನಾಚೆ ಏನಿದೆ ಎಂದು ನೋಡಲು ಅದೇ ಬೇಕು.

ತಲೆಬುರುಡೆಯ ತಳದಲ್ಲಿ, ಮೂಗಿನ ಹಿಂದಿನ ಗಾಳಿಗೂಡುಗಳ ಪಕ್ಕದಲ್ಲಿ, ಕಿವಿಯ ಮೂಳೆಗೆ ಅಂಟಿಕೊಂಡು ಇರುವ ಗೆಡ್ಡೆಗಳಿಂದ ಒಳ್ಳೆಯ ಸಂಕೇತ ಸಿಗುವುದು ಕಷ್ಟ. ಮೂಳೆ ಮತ್ತು ಗಾಳಿ ಕಾಂತಕ್ಷೇತ್ರವನ್ನು ಕದಡುತ್ತವೆ. ರಕ್ತಸ್ರಾವವಾಗಿದ್ದರೆ, ಸುಣ್ಣ ಕಟ್ಟಿದ್ದರೆ, ಶಸ್ತ್ರಚಿಕಿತ್ಸೆಯ ಲೋಹದ ಕ್ಲಿಪ್ ಹತ್ತಿರವಿದ್ದರೆ ಇದೇ ತೊಂದರೆ. ಇಂತಹ ಸಂದರ್ಭದಲ್ಲಿ ಪರೀಕ್ಷೆ ಬೇಡವೇ ಬೇಡ ಎಂದಲ್ಲ. ಆದರೆ ರೇಡಿಯಾಲಜಿ ವೈದ್ಯರು ಹಳೆಯ ಎಂಆರ್‌ಐ ನೋಡಿ ‘ಸಾಧ್ಯ’ ಎಂದ ಮೇಲೆ ಹಣ ಕಟ್ಟುವುದು ಒಳ್ಳೆಯದು.

ಬೆಂಗಳೂರಿನಲ್ಲಿ ಎಂಆರ್‌ಐ ಕೇಂದ್ರಗಳಿಗೆ ಬರವಿಲ್ಲ. ಆದರೆ ಎಲ್ಲ ಕಡೆಯೂ ಮಿದುಳಿನ ಸ್ಪೆಕ್ಟ್ರೋಸ್ಕೋಪಿಯನ್ನು ದಿನವೂ ಮಾಡುವುದಿಲ್ಲ. ಸಾಧ್ಯವಾದರೆ ನರರೋಗಗಳನ್ನೇ ನೋಡುವ ರೇಡಿಯಾಲಜಿ ವೈದ್ಯರಿರುವ ಕಡೆಗೆ ಹೋಗಿ. ಫೋನಿನಲ್ಲಿ ಕೇಳಬೇಕಾದದ್ದು ಇಷ್ಟು: ಯಂತ್ರ 1.5 ಟೆಸ್ಲಾವೋ 3 ಟೆಸ್ಲಾವೋ? ಮಲ್ಟಿವಾಕ್ಸೆಲ್ ಮಾಡುತ್ತೀರಾ? ಪೆಟ್ಟಿಗೆ ಎಲ್ಲಿಡಬೇಕೆಂದು ವೈದ್ಯರು ಸ್ಥಳದಲ್ಲೇ ಇದ್ದು ಹೇಳುತ್ತಾರೆಯೇ? ಹೇಳಿದ ದರದಲ್ಲಿ ಕಾಂಟ್ರಾಸ್ಟ್ ಚುಚ್ಚುಮದ್ದು ಮತ್ತು ಸಿಡಿ ಸೇರಿವೆಯೇ? ಮೂರನೆಯ ಪ್ರಶ್ನೆಗೆ ಸಿಗುವ ಉತ್ತರ ಯಂತ್ರದ ಶಕ್ತಿಗಿಂತ ಹೆಚ್ಚು ಮುಖ್ಯ ಎಂಬುದು ನನ್ನ ಖಚಿತ ಅಭಿಪ್ರಾಯ. 1.5 ಟೆಸ್ಲಾದಲ್ಲಿ ಸರಿಯಾದ ಜಾಗಕ್ಕಿಟ್ಟ ಪೆಟ್ಟಿಗೆ, 3 ಟೆಸ್ಲಾದಲ್ಲಿ ತಪ್ಪು ಜಾಗಕ್ಕಿಟ್ಟ ಪೆಟ್ಟಿಗೆಗಿಂತ ಎಷ್ಟೋ ಮೇಲು.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಚಿಕಿತ್ಸೆ ಪಡೆಯುತ್ತಿದ್ದರೆ, ಹೊರಗಿನ ಕೇಂದ್ರಕ್ಕೆ ಹಣ ಕೊಡುವ ಮೊದಲು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು, ಅಂದರೆ ಯೋಜನೆಯ ಸಹಾಯಕ ಸಿಬ್ಬಂದಿಯನ್ನು, ಕಂಡು ವಿಚಾರಿಸಿ. ಖಾಸಗಿ ವಿಮೆ ಇದ್ದವರು ಮುಂಗಡ ಅನುಮತಿ ಬೇಕೇ ಎಂದು ಕೇಳಿಕೊಳ್ಳಿ.

ಹಂತ 4: ಕಾಗದಪತ್ರ ಜೋಡಿಸಿ

ನಿಮ್ಹಾನ್ಸ್‌ನಲ್ಲಿ ಶಸ್ತ್ರಚಿಕಿತ್ಸೆ, ಪಕ್ಕದ ಕಿದ್ವಾಯಿಯಲ್ಲಿ ವಿಕಿರಣ, ಊರಿನ ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲ ಸ್ಕ್ಯಾನ್: ಹೀಗೆ ಒಬ್ಬರದೇ ಕಾಗದಗಳು ಮೂರು ಕಡೆ ಚದುರಿರುವುದು ಸಾಮಾನ್ಯ. ಎಲ್ಲವನ್ನೂ ಒಂದೇ ಕಡತಕ್ಕೆ ತನ್ನಿ. ಹಳೆಯ ಎಂಆರ್‌ಐಗಳ ಫಿಲ್ಮ್ ಮಾತ್ರ ಸಾಲದು, ಸಿಡಿಯೂ ಬೇಕು. ಅದರಲ್ಲಿರುವ ಡೈಕಾಮ್ ಕಡತಗಳನ್ನು, ಅಂದರೆ ಸ್ಕ್ಯಾನಿನ ಮೂಲ ಚಿತ್ರಗಳನ್ನು, ವೈದ್ಯರು ತಮ್ಮ ಕಂಪ್ಯೂಟರಿನಲ್ಲಿ ಹಿಗ್ಗಿಸಿ ಅಳೆದು ನೋಡಬಲ್ಲರು. ಮೊಬೈಲಿನಲ್ಲಿ ತೆಗೆದ ಫಿಲ್ಮಿನ ಫೋಟೊ ಯಾವ ಕೆಲಸಕ್ಕೂ ಬಾರದು.

ಬಯಾಪ್ಸಿ ವರದಿ ಇದ್ದರೆ ಅದನ್ನೂ, ವಿಕಿರಣ ಚಿಕಿತ್ಸೆಯ ಸಾರಾಂಶ ಪತ್ರವನ್ನೂ ಇಡಿ. ಕಾಂಟ್ರಾಸ್ಟ್ ಕೊಡುವುದಿದ್ದರೆ ರಕ್ತದ ಕ್ರಿಯಾಟಿನಿನ್ ವರದಿ ಕೇಳುತ್ತಾರೆ, ಮೂತ್ರಪಿಂಡ ಎಷ್ಟು ಕೆಲಸ ಮಾಡುತ್ತಿದೆ ಎಂದು ತಿಳಿಯಲು.

ಡೆಕ್ಸಾಮೆಥಸೋನ್‌ನಂತಹ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಅದರ ಪ್ರಮಾಣ ಮತ್ತು ಶುರು ಮಾಡಿದ ದಿನಾಂಕವನ್ನು ಬರೆದುಕೊಂಡು ಹೋಗಿ. ಸ್ಟೀರಾಯ್ಡ್ ಊತವನ್ನು ಇಳಿಸುತ್ತದೆ, ಕಾಂಟ್ರಾಸ್ಟ್ ಹೊಳಪನ್ನು ಕುಗ್ಗಿಸುತ್ತದೆ, ಪರ್ಫ್ಯೂಷನ್ ಅಳತೆಯನ್ನೂ ಬದಲಿಸಬಲ್ಲದು. ಹಿಂದಿನ ಸ್ಕ್ಯಾನ್ ಸ್ಟೀರಾಯ್ಡ್ ಇಲ್ಲದೆ, ಈಗಿನದು ಸ್ಟೀರಾಯ್ಡ್ ಜೊತೆಗೆ ಆಗಿದ್ದರೆ ‘ಗೆಡ್ಡೆ ಚಿಕ್ಕದಾಗಿದೆ’ ಎಂಬ ಮಾತು ಹುಸಿಯಾಗಬಹುದು. ಹಾಗೆಂದು ಸ್ಕ್ಯಾನಿಗಾಗಿ ನೀವೇ ಮಾತ್ರೆ ನಿಲ್ಲಿಸಬೇಡಿ. ಹಠಾತ್ತನೆ ನಿಲ್ಲಿಸಿದರೆ ಪ್ರಾಣಾಪಾಯವಿದೆ. ಅಪಸ್ಮಾರದ, ಅಂದರೆ ಫಿಟ್ಸ್‌ನ ಮಾತ್ರೆಯನ್ನೂ ಆ ದಿನ ತಪ್ಪಿಸಬೇಡಿ.

ಹಂತ 5: ಲೋಹದ ತಪಾಸಣೆ

ಎಂಆರ್‌ಐ ಕಾಂತ ರಾತ್ರಿ ಹಗಲು ಚಾಲೂ ಇರುತ್ತದೆ. ಸ್ಕ್ಯಾನ್ ನಡೆಯದಿದ್ದಾಗಲೂ ಕೋಣೆಯೊಳಗೆ ಕಬ್ಬಿಣದ ವಸ್ತು ಹೋಗಬಾರದು. ಆಕ್ಸಿಜನ್ ಸಿಲಿಂಡರ್, ಗಾಲಿಕುರ್ಚಿ, ಜೇಬಿನ ಕೀಲಿಗೊಂಚಲು, ಸೀರೆಗೆ ಚುಚ್ಚಿದ ಪಿನ್ನು, ಜಡೆಯ ಕ್ಲಿಪ್ಪು, ಶ್ರವಣಯಂತ್ರ, ತೆಗೆಯಬಹುದಾದ ಹಲ್ಲಿನ ಸೆಟ್ಟು, ಎಲ್ಲವೂ ಹೊರಗೇ ಇರಬೇಕು. ತಾಳಿ, ಕಾಲುಂಗುರ, ಮೂಗುತಿ, ಉಡಿದಾರದಲ್ಲಿ ಕಟ್ಟಿದ ತಾಯತ ತೆಗೆಯಲು ಹಿರಿಯರು ಹಿಂಜರಿಯುತ್ತಾರೆ. ಹಿಂದಿನ ರಾತ್ರಿ ಮನೆಯಲ್ಲೇ ಸಮಾಧಾನವಾಗಿ ಹೇಳಿ ತೆಗೆಸಿಟ್ಟರೆ ಕೋಣೆಯ ಬಾಗಿಲಲ್ಲಿ ಅವರಿಗೆ ಮುಜುಗರವಾಗುವುದಿಲ್ಲ.

ದೇಹದೊಳಗೆ ಇರುವುದನ್ನು ಮುಚ್ಚಿಡಬೇಡಿ: ಪೇಸ್‌ಮೇಕರ್, ಕಾಕ್ಲಿಯರ್ ಇಂಪ್ಲಾಂಟ್, ಮಿದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್, ವರ್ಕ್‌ಶಾಪಿನ ಕೆಲಸದಲ್ಲಿ ಕಣ್ಣಿಗೆ ಹಾರಿದ್ದ ಲೋಹದ ಚೂರು. ಇವು ಇದ್ದ ಮಾತ್ರಕ್ಕೆ ಎಂಆರ್‌ಐ ಅಸಾಧ್ಯ ಎಂದಲ್ಲ, ಆದರೆ ಸಾಧನದ ಕಾರ್ಡ್ ನೋಡಿಯೇ ತೀರ್ಮಾನಿಸಬೇಕು. ಮಿದುಳಿನ ನೀರು ಹರಿಸಲು ವಿಪಿ ಷಂಟ್ ಹಾಕಿದ್ದು, ಅದರ ಕವಾಟವನ್ನು ಹೊರಗಿನಿಂದ ಹೊಂದಿಸುವ ಬಗೆಯದಾಗಿದ್ದರೆ, ಕಾಂತವು ಆ ಹೊಂದಿಕೆಯನ್ನು ಬದಲಿಸಬಲ್ಲದು. ಸ್ಕ್ಯಾನ್ ಆದ ಮೇಲೆ ನ್ಯೂರೋಸರ್ಜನ್ ಹತ್ತಿರ ಪರೀಕ್ಷಿಸಿಕೊಳ್ಳಲೇಬೇಕು. ಗರ್ಭಿಣಿಯಾಗಿದ್ದರೆ ಅಥವಾ ಇರಬಹುದೆಂಬ ಅನುಮಾನವಿದ್ದರೆ ಮೊದಲೇ ಹೇಳಿ, ಗ್ಯಾಡೊಲಿನಿಯಂ ಅನ್ನು ಸಾಮಾನ್ಯವಾಗಿ ಕೊಡುವುದಿಲ್ಲ.

ಹಂತ 6: ಯಂತ್ರದೊಳಗೆ

ಸಾಮಾನ್ಯ ಎಂಆರ್‌ಐ, ಪರ್ಫ್ಯೂಷನ್, ಸ್ಪೆಕ್ಟ್ರೋಸ್ಕೋಪಿ ಸೇರಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಸದ್ದು ಜೋರು, ಕಿವಿಗೆ ಹತ್ತಿ ಅಥವಾ ಹೆಡ್‌ಫೋನ್ ಕೊಡುತ್ತಾರೆ. ಸ್ಪೆಕ್ಟ್ರೋಸ್ಕೋಪಿ ನಡೆಯುವ ಕೆಲವು ನಿಮಿಷಗಳಲ್ಲಿ ತಲೆ ಅಲುಗಿದರೆ ಪೆಟ್ಟಿಗೆ ಗೆಡ್ಡೆಯಿಂದ ಜಾರಿ ಪಕ್ಕದ ಮಿದುಳನ್ನು ಅಳೆಯುತ್ತದೆ. ಚಿತ್ರ ಮಸುಕಾದರೆ ಕಣ್ಣಿಗೆ ತಿಳಿಯುತ್ತದೆ, ಪೆಟ್ಟಿಗೆ ಜಾರಿದ್ದು ಸುಲಭವಾಗಿ ತಿಳಿಯುವುದಿಲ್ಲ. ಅಪಾಯ ಅಲ್ಲಿಯೇ. ಕೆಮ್ಮು ಬಂದರೆ, ವಾಂತಿ ಬಂದಂತಾದರೆ ಕೈಯಲ್ಲಿರುವ ಗುಂಡಿ ಒತ್ತಿ ತಿಳಿಸಿ, ತಡೆದುಕೊಂಡು ನರಳಬೇಡಿ.

ಮಕ್ಕಳಿಗೆ, ಗೊಂದಲದಲ್ಲಿರುವ ರೋಗಿಗಳಿಗೆ ಅರಿವಳಿಕೆ ಬೇಕಾಗುತ್ತದೆ. ಆಗ ಗಟ್ಟಿ ಆಹಾರಕ್ಕೆ ಕನಿಷ್ಠ 6 ಗಂಟೆ, ನೀರಿಗೆ 2 ಗಂಟೆ ಬಿಡುವು ಕೊಡುವುದು ವಾಡಿಕೆ. ಅರಿವಳಿಕೆ ವೈದ್ಯರು ಹೇಳಿದ್ದನ್ನೇ ಪಾಲಿಸಿ. ವೈಟ್‌ಫೀಲ್ಡ್‌ನಿಂದಲೋ ಯಲಹಂಕದಿಂದಲೋ ಹೊರಟು ಸಂಚಾರದಲ್ಲಿ ಸಿಕ್ಕಿಕೊಂಡರೆ ಹಸಿದ ಮಗುವಿನ ಸರದಿ ತಪ್ಪಿಹೋಗುತ್ತದೆ. ಬೆಳಗಿನ ಮೊದಲ ಸಮಯವನ್ನೇ ಕೇಳಿ ಪಡೆಯಿರಿ.

ಹಂತ 7: ಗೆರೆಯ ಚಿತ್ರವನ್ನು ಓದುವುದು

ವರದಿಯ ಜೊತೆಗೆ ಏರಿಳಿಯುವ ಗೆರೆಯ ಚಿತ್ರವಿರುತ್ತದೆ. ಪ್ರತಿ ಶಿಖರವೂ ಒಂದು ರಾಸಾಯನಿಕ. ಕೆಳಗಿನ ಸಂಖ್ಯೆಗಳು ಬಲದಿಂದ ಎಡಕ್ಕೆ ಹೆಚ್ಚಾಗುತ್ತವೆ, ಅವುಗಳ ಅಳತೆಮಾನ ಪಿಪಿಎಂ. ಇಲ್ಲಿ ಪಿಪಿಎಂ ಎಂದರೆ ಸಾಂದ್ರತೆಯಲ್ಲ, ಶಿಖರ ಯಾವ ಜಾಗದಲ್ಲಿದೆ ಎಂಬುದರ ವಿಳಾಸ. ರಾಸಾಯನಿಕ ಎಷ್ಟಿದೆ ಎಂಬುದನ್ನು ಹೇಳುವುದು ಶಿಖರ ಆವರಿಸಿರುವ ವಿಸ್ತೀರ್ಣ.

ಎನ್‌ಎಎ, 2.0ರ ಬಳಿ. ಆರೋಗ್ಯವಂತ ನರಕೋಶಗಳ ಗುರುತು. ನರಕೋಶಗಳು ನಾಶವಾದರೆ, ಅಥವಾ ಅವುಗಳ ಜಾಗದಲ್ಲಿ ಬೇರೇನೋ ಬೆಳೆದರೆ ಇಳಿಯುತ್ತದೆ.

ಕ್ರಿಯಾಟಿನ್, 3.0ರ ಬಳಿ. ಕೋಶದ ಶಕ್ತಿ ಸಂಗ್ರಹದ ಗುರುತು. ಹೆಚ್ಚು ಬದಲಾಗುವುದಿಲ್ಲವೆಂದು ಉಳಿದವುಗಳನ್ನು ಇದಕ್ಕೆ ಹೋಲಿಸಿ ಅನುಪಾತ ಹೇಳುತ್ತಾರೆ. ಆದರೆ ತೀವ್ರ ಗೆಡ್ಡೆಗಳಲ್ಲಿ ಇದೂ ಇಳಿಯುವುದುಂಟು. ಮೂತ್ರಪಿಂಡದ ಪರೀಕ್ಷೆಯ ಕ್ರಿಯಾಟಿನಿನ್‌ಗೂ ಇದಕ್ಕೂ ಗೊಂದಲ ಮಾಡಿಕೊಳ್ಳಬೇಡಿ. ಇಲ್ಲಿ ಕ್ರಿಯಾಟಿನ್ ಕಡಿಮೆ ಎಂದು ಬರೆದಿದ್ದರೆ ಮೂತ್ರಪಿಂಡಕ್ಕೆ ಸಂಬಂಧವಿಲ್ಲ.

ಕೋಲಿನ್, 3.2ರ ಬಳಿ. ಕೋಶದ ಪೊರೆ ಎಷ್ಟು ವೇಗವಾಗಿ ಕಟ್ಟಲ್ಪಡುತ್ತಿದೆ, ಒಡೆಯುತ್ತಿದೆ ಎಂಬುದರ ಗುರುತು. ಕೋಶಗಳು ಬೇಗ ವಿಭಜನೆಯಾಗುವ ಗೆಡ್ಡೆಯಲ್ಲಿ ಏರುತ್ತದೆ.

ವಯಸ್ಕರ ಆರೋಗ್ಯವಂತ ಮಿದುಳಿನಲ್ಲಿ ಈ ಮೂರರ ತುದಿಗಳನ್ನು ಎಡದಿಂದ ಬಲಕ್ಕೆ ಗೆರೆ ಎಳೆದು ಸೇರಿಸಿದರೆ ಅದು ಮೇಲಕ್ಕೆ ಏರುತ್ತದೆ. ಗೆಡ್ಡೆಯಲ್ಲಿ ಸಾಮಾನ್ಯವಾಗಿ ತಿರುಗಿ ಕೆಳಗೆ ಇಳಿಯುತ್ತದೆ. ವರದಿಯಲ್ಲಿ ‘ಕೋಲಿನ್ ಮತ್ತು ಎನ್‌ಎಎ ಅನುಪಾತ ಹೆಚ್ಚಾಗಿದೆ’ ಎಂದು ಬರೆಯುವುದು ಇದನ್ನೇ.

ಲ್ಯಾಕ್ಟೇಟ್, 1.3ರ ಬಳಿ, ಎರಡು ತುದಿಯ ಶಿಖರ. ಆಮ್ಲಜನಕವಿಲ್ಲದೆ ಸಕ್ಕರೆಯನ್ನು ಒಡೆದಾಗ ಉಳಿಯುವ ವಸ್ತು. ಆಮ್ಲಜನಕ ಇದ್ದಾಗಲೂ ಕ್ಯಾನ್ಸರ್ ಕೋಶಗಳು ಸಕ್ಕರೆಯನ್ನು ಹೀಗೇ ಒಡೆಯುತ್ತವೆ ಎಂಬುದನ್ನು 1920ರ ದಶಕದಲ್ಲಿ ಜರ್ಮನಿಯ ಓಟೊ ವಾರ್ಬರ್ಗ್ ತೋರಿಸಿದರು. ಕೆಲವು ಚಿತ್ರಗಳಲ್ಲಿ ಈ ಶಿಖರ ತಲೆಕೆಳಗಾಗಿ ಕಾಣುತ್ತದೆ. ಅದು ದೋಷವಲ್ಲ. ಟಿಇಯನ್ನು, ಅಂದರೆ ಸಂಕೇತ ಹಿಡಿಯುವ ಮೊದಲು ಯಂತ್ರ ಕಾಯುವ ಸಮಯವನ್ನು, 135ರಿಂದ 144 ಮಿಲಿಸೆಕೆಂಡಿಗೆ ಇಟ್ಟಾಗ ಲ್ಯಾಕ್ಟೇಟ್ ಹಾಗೆ ತಿರುಗುತ್ತದೆ, ಪಕ್ಕದ ಕೊಬ್ಬಿನಿಂದ ಬೇರ್ಪಡಿಸಿ ಗುರುತಿಸಲು ಅದೇ ಅನುಕೂಲ.

ಲಿಪಿಡ್, ಅಂದರೆ ಕೊಬ್ಬು, 0.9 ಮತ್ತು 1.3ರ ಬಳಿ. ಅಂಗಾಂಶ ಸತ್ತಿರುವುದರ ಗುರುತು. ರಕ್ತದ ಕೊಲೆಸ್ಟರಾಲಿಗೂ ಇದಕ್ಕೂ ನಂಟಿಲ್ಲ. ಪೆಟ್ಟಿಗೆಯ ಅಂಚು ನೆತ್ತಿಯ ಚರ್ಮದಡಿಯ ಕೊಬ್ಬಿಗೆ ತಾಗಿದರೂ ಇದೇ ಶಿಖರ ಏಳುತ್ತದೆ. ಗೆಡ್ಡೆ ಮಿದುಳಿನ ಮೇಲ್ಭಾಗದಲ್ಲಿದ್ದು ವರದಿಯಲ್ಲಿ ಲಿಪಿಡ್ ಎಂದಿದ್ದರೆ ಪೆಟ್ಟಿಗೆ ಎಲ್ಲಿತ್ತು ಎಂದು ನೋಡುವುದು ಅವಶ್ಯ.

ಮಯೋ-ಇನೊಸಿಟಾಲ್ 3.5ರ ಬಳಿ ಇದ್ದು, ಕಡಿಮೆ ತೀವ್ರತೆಯ ಗ್ಲಯೋಮಾಗಳಲ್ಲಿ (ನರಕೋಶಗಳಿಗೆ ಆಸರೆಯಾದ ಗ್ಲಯಲ್ ಕೋಶಗಳ ಗೆಡ್ಡೆಗಳಲ್ಲಿ) ಹೆಚ್ಚಾಗಬಹುದು. ಅಲನಿನ್ 1.5ರ ಬಳಿ ಕಂಡರೆ ಮೆನಿಂಜಿಯೋಮಾ, ಅಂದರೆ ಮಿದುಳಿನ ಹೊದಿಕೆಯ ಪೊರೆಯಿಂದ ಹುಟ್ಟುವ ಗೆಡ್ಡೆ, ನೆನಪಾಗುತ್ತದೆ. ಕೀವಿನ ಬಾವಿನಲ್ಲಿ ಗೆಡ್ಡೆಗಳಲ್ಲಿ ಕಾಣದ ಅಮೈನೋ ಆಮ್ಲಗಳ ಶಿಖರ 0.9ರಲ್ಲಿ, ಕೆಲವೊಮ್ಮೆ ಅಸಿಟೇಟ್ 1.9ರಲ್ಲಿ, ಸಕ್ಸಿನೇಟ್ 2.4ರಲ್ಲಿ ಏಳುತ್ತದೆ. ಕ್ಷಯದ ಗಂಟಿನಲ್ಲಿ ಎದ್ದು ಕಾಣುವುದು ದೊಡ್ಡ ಲಿಪಿಡ್ ಶಿಖರ. ಮೊದಲ ಹಂತದಲ್ಲಿ ಪ್ರಶ್ನೆಯನ್ನು ಬರೆಸಿಕೊಳ್ಳಿ ಎಂದದ್ದು ಇದಕ್ಕಾಗಿಯೇ: ಸೋಂಕಿನ ಅನುಮಾನವಿದೆ ಎಂದು ತಿಳಿದಿದ್ದರೆ ವೈದ್ಯರು ಈ ಸಣ್ಣ ಶಿಖರಗಳನ್ನು ಹುಡುಕಿ ನೋಡುತ್ತಾರೆ.

ಇನ್ನೊಂದಿದೆ, ಹೊಸದು: 2-ಹೈಡ್ರಾಕ್ಸಿಗ್ಲುಟರೇಟ್. ಕೆಲವು ಗ್ಲಯೋಮಾಗಳಲ್ಲಿ ಐಡಿಎಚ್ ಎಂಬ ಜೀನ್ ಬದಲಾಗಿರುತ್ತದೆ ಎಂಬುದು 2008ರಲ್ಲಿ, ಆ ಬದಲಾವಣೆಯಿಂದ ಈ ವಸ್ತು ಕೋಶದಲ್ಲಿ ಕೂಡಿಕೊಳ್ಳುತ್ತದೆ ಎಂಬುದು 2009ರಲ್ಲಿ ಹೊರಬಂತು. 2021ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ವಯಸ್ಕರ ಗ್ಲಯೋಮಾವನ್ನು ಹೆಸರಿಸುವುದೇ ಐಡಿಎಚ್ ಬದಲಾಗಿದೆಯೇ ಇಲ್ಲವೇ ಎಂಬುದರ ಮೇಲೆ. ತಲೆ ತೆರೆಯದೆ ಜೀನಿನ ಸುಳಿವು ಕೊಡುವ ಈ ಶಿಖರ 2.25ರ ಬಳಿ ಬರುತ್ತದೆ. ನನಗೆ ಈ ಕ್ಷೇತ್ರದಲ್ಲಿ ಅತ್ಯಂತ ಭರವಸೆ ಹುಟ್ಟಿಸುವ ಸಂಗತಿ ಇದೇ. ಆದರೆ ಪಕ್ಕದ ಗ್ಲುಟಮೇಟ್ ಶಿಖರಗಳು ಇದರ ಮೇಲೆ ಕವಿಯುತ್ತವೆ, ಚಿಕ್ಕ ಗೆಡ್ಡೆಗಳಲ್ಲಿ ತಪ್ಪಿಹೋಗುತ್ತದೆ, ವಿಶೇಷ ಹೊಂದಿಕೆಯಿಲ್ಲದೆ ಕಾಣುವುದೇ ಇಲ್ಲ. ಮಾಮೂಲಿ ವರದಿಯಲ್ಲಿ ಇದರ ಉಲ್ಲೇಖ ಇಲ್ಲದಿದ್ದರೆ ಗಾಬರಿಯಾಗಬೇಡಿ. ಕೊನೆಯ ಮಾತು ಅಂಗಾಂಶದ ಪರೀಕ್ಷೆಯದೇ.

ಹಂತ 8: ವರದಿಯನ್ನು ನಂಬುವ ಮುನ್ನ ನೋಡಬೇಕಾದವು

ಮೊದಲು, ಪೆಟ್ಟಿಗೆ ಎಲ್ಲಿತ್ತು ಎಂದು ತೋರಿಸುವ ಚಿತ್ರ ಇದೆಯೇ ನೋಡಿ. ಇಲ್ಲದಿದ್ದರೆ ಕೇಳಿ ಪಡೆಯಿರಿ, ಅದು ನಿಮ್ಮ ಹಕ್ಕು. ಪೆಟ್ಟಿಗೆಯೊಳಗೆ ಸತ್ತ ಭಾಗವೇ ತುಂಬಿದ್ದರೆ ಕೋಲಿನ್ ಕಡಿಮೆ ಬಂದು ಉಗ್ರ ಗೆಡ್ಡೆಯೂ ಸೌಮ್ಯವೆಂಬಂತೆ ತೋರುತ್ತದೆ. ಎರಡನೆಯದಾಗಿ, ಶಿಖರಗಳು ಹಿನ್ನೆಲೆಯ ಗಜಿಬಿಜಿಯಿಂದ ಸ್ಪಷ್ಟವಾಗಿ ಎದ್ದು ನಿಂತಿವೆಯೇ? ಎಲ್ಲವೂ ಗರಗಸದ ಹಲ್ಲಿನಂತಿದ್ದರೆ ಆ ಸಂಖ್ಯೆಗಳನ್ನು ನೆಚ್ಚಬೇಡಿ.

ಕೋಲಿನ್ ಹೆಚ್ಚು ಎಂದೊಡನೆ ಕ್ಯಾನ್ಸರ್ ಎಂದಲ್ಲ. ನರಗಳ ಹೊದಿಕೆ ಕಳಚುವ ಉರಿಯೂತದ ಕಾಯಿಲೆಗಳಲ್ಲೂ ಅದು ಏರಬಹುದು. ಶಿಶುಗಳಲ್ಲಿ ಕೋಲಿನ್ ಹೆಚ್ಚು, ಎನ್‌ಎಎ ಕಡಿಮೆ ಇರುವುದೇ ಸಹಜ. ಮಕ್ಕಳಲ್ಲಿ ಬರುವ ಪೈಲೋಸಿಟಿಕ್ ಆಸ್ಟ್ರೋಸೈಟೋಮಾ ಅತಿ ಕಡಿಮೆ ತೀವ್ರತೆಯ ಗೆಡ್ಡೆ, ಪೂರ್ತಿ ತೆಗೆದರೆ ಹೆಚ್ಚಿನ ಮಕ್ಕಳು ಚೆನ್ನಾಗಿ ಬಾಳುತ್ತಾರೆ. ಅದರಲ್ಲಿ ಕೋಲಿನ್, ಲ್ಯಾಕ್ಟೇಟ್ ಎರಡೂ ಏರಿ ಭಯಂಕರ ಚಿತ್ರ ಕಾಣಿಸುತ್ತದೆ. ಗೆರೆಯ ಚಿತ್ರವನ್ನಷ್ಟೇ ಅಂತರ್ಜಾಲದಲ್ಲಿ ಹೋಲಿಸಿ ನೋಡಿ ಕಂಗೆಟ್ಟ ತಂದೆತಾಯಿಯರಿಗೆ ಇದನ್ನು ಗಟ್ಟಿಯಾಗಿ ಹೇಳಬೇಕೆನಿಸುತ್ತದೆ. ಪರ್ಫ್ಯೂಷನ್ನಿಗೂ ಇಂತಹ ಬಲೆಗಳಿವೆ: ಮೆನಿಂಜಿಯೋಮಾ ಮತ್ತು ಗ್ಲಯೋಮಾದ ಒಂದು ಬಗೆಯಾದ ಆಲಿಗೊಡೆಂಡ್ರೊಗ್ಲಯೋಮಾಗಳು ಉಗ್ರವಲ್ಲದಿದ್ದರೂ ರಕ್ತ ತುಂಬಿದವಾಗಿ ಕಾಣಬಹುದು.

ವಿಕಿರಣದ ನಂತರದ ಪ್ರಶ್ನೆಗೆ ಬಂದರೆ, ಕೋಲಿನ್ ಏರಿದ್ದು ರಕ್ತದ ಪ್ರಮಾಣವೂ ಹೆಚ್ಚಿದ್ದರೆ ಗೆಡ್ಡೆ ಮರಳಿರುವ ಕಡೆಗೆ ವಾಲುತ್ತಾರೆ. ಕೋಲಿನ್ ಕುಸಿದು ಲಿಪಿಡ್, ಲ್ಯಾಕ್ಟೇಟ್ ಉಳಿದಿದ್ದು ರಕ್ತದ ಪ್ರಮಾಣ ಕಡಿಮೆಯಿದ್ದರೆ ವಿಕಿರಣದ ಗಾಯದ ಕಡೆಗೆ. ನಿಜ ಜೀವನದಲ್ಲಿ ಎರಡೂ ಬೆರೆತೇ ಇರುವುದು ಹೆಚ್ಚು. ಆಗ ವೈದ್ಯರು ‘ಕೆಲವು ವಾರ ಬಿಟ್ಟು ಮತ್ತೆ ನೋಡೋಣ’ ಎಂದರೆ ಅದು ಉದಾಸೀನವಲ್ಲ. ಅಂತಹ ಸಂದರ್ಭದಲ್ಲಿ ಕಾಯುವುದೂ ಒಂದು ಪರೀಕ್ಷೆ.

ಗೆಡ್ಡೆಯ ಅಂಚಿನಾಚೆಯ ಊತದಲ್ಲಿ ಕೋಲಿನ್ ಹೇಗಿದೆ ಎಂದೂ ಕೇಳಿ. ಗ್ಲಯೋಮಾಗಳಲ್ಲಿ ಅತಿ ಉಗ್ರವಾದ ಗ್ಲಯೊಬ್ಲಾಸ್ಟೋಮಾದ ಕೋಶಗಳು ಸುತ್ತಲಿನ ಮಿದುಳಿಗೆ ನುಸುಳಿರುವುದರಿಂದ ಅಲ್ಲೂ ಅದು ಏರಿರುತ್ತದೆ. ಬೇರೆ ಅಂಗದಿಂದ ಹರಡಿ ಬಂದ ಗೆಡ್ಡೆಯ ಸುತ್ತ ಬಹುಮಟ್ಟಿಗೆ ಬರೀ ನೀರಿನ ಊತ, ಕೋಲಿನ್ ಏರಿರುವುದಿಲ್ಲ. ಒಂದೇ ಗೆಡ್ಡೆ ಇದ್ದು ಮೂಲ ತಿಳಿಯದಿದ್ದಾಗ ಈ ವ್ಯತ್ಯಾಸ ದಾರಿ ತೋರಿಸುತ್ತದೆ.

ಸಕ್ಕರೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಲ್ಯಾಕ್ಟೇಟ್ ಎಂದು ಓದಿದವರು ‘ಸಕ್ಕರೆ ಬಿಟ್ಟರೆ ಗೆಡ್ಡೆ ಒಣಗುತ್ತದೆ’ ಎನ್ನುವವರ ಮಾತಿಗೆ ಬಿದ್ದು, ಅನ್ನ, ಮುದ್ದೆ, ಹಣ್ಣು ಎಲ್ಲವನ್ನೂ ನಿಲ್ಲಿಸಿ ರೋಗಿಯನ್ನು ಸೊರಗಿಸುವುದನ್ನು ಕಂಡು ಸಂಕಟವಾಗುತ್ತದೆ. ಊಟ ಬಿಟ್ಟರೂ ಯಕೃತ್ತು ರಕ್ತಕ್ಕೆ ಸಕ್ಕರೆ ಒದಗಿಸುತ್ತಲೇ ಇರುತ್ತದೆ. ಸ್ಟೀರಾಯ್ಡ್‌ನಿಂದ ರಕ್ತದ ಸಕ್ಕರೆ ಏರುವುದು ನಿಜ, ಅದನ್ನು ಅಳೆದು ಹತೋಟಿಯಲ್ಲಿಡಬೇಕು. ಅದು ಬೇರೆ ಮಾತು. ವಿಕಿರಣ ನಡೆಯುವಾಗ ದೇಹಕ್ಕೆ ಬಲ ಬೇಕು, ಪಥ್ಯವನ್ನು ಆಸ್ಪತ್ರೆಯ ಆಹಾರ ತಜ್ಞರನ್ನು ಕೇಳಿ ನಿರ್ಧರಿಸಿ.

ಹಂತ 9: ಮುಂದಿನ ಸ್ಕ್ಯಾನಿಗೆ ಈಗಲೇ ಸಿದ್ಧತೆ

ಮತ್ತೆ ಸ್ಕ್ಯಾನ್ ಆಗಬೇಕೆಂದಿದ್ದರೆ ಆದಷ್ಟು ಅದೇ ಕೇಂದ್ರದ ಅದೇ ಯಂತ್ರದಲ್ಲಿ ಮಾಡಿಸಿ. ಟಿಇ ಬದಲಾದರೆ, ಪೆಟ್ಟಿಗೆಯ ಜಾಗ ಬದಲಾದರೆ ಅನುಪಾತಗಳೂ ಬದಲಾಗುತ್ತವೆ. ಜಯನಗರದಲ್ಲಿ ಬಂದ 1.8ನ್ನು ಹೆಬ್ಬಾಳದಲ್ಲಿ ಬಂದ 2.3ರ ಪಕ್ಕದಲ್ಲಿಟ್ಟು ರೋಗ ಹೆಚ್ಚಾಯಿತೆಂದು ಹೇಳಲಾಗದು. ಕೇಂದ್ರ ಬದಲಿಸಲೇಬೇಕಾದರೆ ಹಿಂದಿನ ಸಿಡಿ ಕೊಟ್ಟು, ಅದೇ ಟಿಇ, ಅದೇ ಜಾಗ ಇರಲಿ ಎಂದು ಚೀಟಿಯಲ್ಲಿ ಬರೆಸಿ. ಸಿಡಿಯಲ್ಲಿ ಸ್ಪೆಕ್ಟ್ರೋಸ್ಕೋಪಿಯ ಗೆರೆಚಿತ್ರಗಳು ಸೇರಿವೆಯೇ ಎಂದು ಕೇಂದ್ರದಿಂದ ಹೊರಡುವ ಮೊದಲೇ ತೆರೆಸಿ ನೋಡಿ. ಎಷ್ಟೋ ಸಲ ಸಾಮಾನ್ಯ ಚಿತ್ರಗಳು ಮಾತ್ರ ಇರುತ್ತವೆ. ಮನೆಗೆ ಬಂದು ಒಂದು ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ.

ಸಂಶೋಧನೆಗೆ ಸೇರುವಿರಾ ಎಂದು ಆಸ್ಪತ್ರೆಯಲ್ಲಿ ಕೇಳಬಹುದು. ಗ್ಲೂಕೋಸಿಗೆ ಡ್ಯೂಟೀರಿಯಂ ಎಂಬ ಭಾರದ ಹೈಡ್ರೋಜನ್ ಸೇರಿಸಿ ಕುಡಿಸಿ, ಮಿದುಳು ಅದನ್ನು ಹೇಗೆ ಬಳಸುತ್ತದೆ ಎಂದು ಎಂಆರ್‌ಐಯಲ್ಲಿ ಹಿಂಬಾಲಿಸುವ ವಿಧಾನ, ಸಂಕೇತವನ್ನು ಸಾವಿರಾರು ಪಟ್ಟು ಬಲಪಡಿಸಿದ ಪೈರುವೇಟ್ ಚುಚ್ಚಿ ಅದು ಲ್ಯಾಕ್ಟೇಟ್ ಆಗುವುದನ್ನು ಕ್ಷಣಕ್ಷಣಕ್ಕೂ ನೋಡುವ ವಿಧಾನ, ಇವು ಪ್ರಪಂಚದ ಕೆಲವೇ ಪ್ರಯೋಗಾಲಯಗಳಲ್ಲಿ ನಡೆಯುತ್ತಿವೆ, ದಿನನಿತ್ಯದ ಚಿಕಿತ್ಸೆಗೆ ಇನ್ನೂ ಬಂದಿಲ್ಲ. ಇಲ್ಲಿ ನಿಮ್ಮನ್ನು ಕೇಳುವುದು ಹೆಚ್ಚಾಗಿ ಸ್ಕ್ಯಾನ್ ಹೊತ್ತಿನಲ್ಲಿ ಹತ್ತು ನಿಮಿಷ ಹೆಚ್ಚು ಮಲಗಲು, ಅಥವಾ ಹೆಸರು ತೆಗೆದು ಮಾಹಿತಿ ಬಳಸಲು. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಕೇಳಿ ಓದಿ. ಹೆಚ್ಚುವರಿ ಹಣ ಕೇಳುವಂತಿಲ್ಲ. ಒಪ್ಪದಿದ್ದರೂ, ಮಧ್ಯದಲ್ಲಿ ಹಿಂದೆ ಸರಿದರೂ ನಿಮ್ಮ ಚಿಕಿತ್ಸೆಗೆ ಅಡ್ಡಿಯಾಗುವಂತಿಲ್ಲ. ಆ ಸಾಲು ಪತ್ರದಲ್ಲಿ ಇದೆಯೇ ಎಂದು ನೋಡಿ, ನಂತರ ಸಹಿ ಹಾಕಿ, ಒಂದು ಪ್ರತಿಯನ್ನು ನಿಮ್ಮ ಕಡತದಲ್ಲಿ ಇಟ್ಟುಕೊಳ್ಳಿ.